ಜಿಲ್ಲಾ ಕಚೇರಿಯ ಬಾಗಿಲು ತಟ್ಟೋಣ

ಬೋರ್ಡಿಗಾಗಿ ಬೀದಿಗಿಳಿದವರು ನಾವು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊತ್ತಿದ ಕಿಚ್ಚಿಗೆ ಸರ್ಕಾರ ಮಣಿಯಿತು. 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ನಾಮಫಲಕದ ಶೇ. 60ರಷ್ಟು ಜಾಗ ಕನ್ನಡಕ್ಕೆ ಎಂದಾಯಿತು. ಒಳ್ಳೆಯದೇ ಆಯಿತು. ಆದರೆ ಆ ಬೋರ್ಡನ್ನು ನಾಳೆ ಓದಬೇಕಾದ ಮಗು ಇವತ್ತು ಯಾವ ಶಾಲೆಯಲ್ಲಿ ಕೂತಿದೆ, ಅದಕ್ಕೆ ಏನು ಕಲಿಸುತ್ತಿದ್ದಾರೆ, ಹೇಗೆ ಕಲಿಸುತ್ತಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಎಂ.ಜಿ. ರಸ್ತೆಯ ಅಂಗಡಿಯ ಮುಂದೆ ನಿಂತು ಕೂಗಿದ ನಾವು, ನಮ್ಮ ಜಿಲ್ಲೆಯ ಡಿಡಿಪಿಐ ಯಾರು ಎಂದರೆ ತಲೆ ಕೆರೆದುಕೊಳ್ಳುತ್ತೇವೆ.

ಕನ್ನಡ ಶಾಲೆ ಮುಚ್ಚುತ್ತಿದೆ ಎಂದು ಪ್ರತಿ ನವೆಂಬರ್‌ನಲ್ಲಿ ಕಣ್ಣೀರು ಹಾಕುವುದು ನಮಗೆ ರೂಢಿಯಾಗಿದೆ. ಬೈಯಲು ವಿಧಾನಸೌಧವೊಂದಿದೆ, ಮಂತ್ರಿಯೊಬ್ಬರಿದ್ದಾರೆ. ಆದರೆ ಒಂದು ಸರ್ಕಾರಿ ಶಾಲೆಯ ಹಣೆಬರಹ ಬರೆಯುವ ಕೈ ಅಷ್ಟು ದೂರದಲ್ಲಿಲ್ಲ. ಅದು ನಮ್ಮ ಊರಿನ ಬಿಇಒ ಕಚೇರಿಯಲ್ಲಿದೆ, ಜಿಲ್ಲಾ ಕೇಂದ್ರದ ಉಪನಿರ್ದೇಶಕರ ಮೇಜಿನ ಮೇಲಿದೆ. ಹೊಸ ರೀತಿಯಲ್ಲಿ ಪಾಠ ಮಾಡಬೇಕೆಂದು ಹೊರಟ ಮೇಷ್ಟ್ರಿಗೆ 'ಮಾಡಿ, ನಾನಿದ್ದೇನೆ' ಎನ್ನುವವರೂ ಅವರೇ, ನೋಟಿಸು ಕೊಟ್ಟು ಬಾಯಿ ಮುಚ್ಚಿಸುವವರೂ ಅವರೇ.

ಕೊಂಚ ಹಿಂದಕ್ಕೆ ಹೋಗೋಣ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಅವರ ಹಿಂದೆ ಇಡೀ ನಾಡು ನಡೆಯಿತು. ಆ ಹೋರಾಟದ ಬಿಸಿ ಆರದೆ ಉಳಿದಿದ್ದರಿಂದಲೇ 1994ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ. ನಾವು ಗೆದ್ದೆವು ಎಂದುಕೊಂಡೆವು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟಿನಲ್ಲಿ ನಾವು ಸೋತೆವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾಧ್ಯಮದ ಆಯ್ಕೆ ತಂದೆತಾಯಿಗೆ ಬಿಟ್ಟಿದ್ದು, ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದುಬಿಟ್ಟಿತು. 2019-20ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ಈ ತೀರ್ಪು ನಮಗೆ ಕಹಿ. ಆದರೆ ಅದರಿಂದ ಕಲಿಯಬೇಕಾದ ಪಾಠವೊಂದಿದೆ. ಇನ್ನು ಮುಂದೆ ಆದೇಶದ ಬಲದಿಂದ ಒಂದು ಮಗುವನ್ನೂ ಕನ್ನಡ ಶಾಲೆಗೆ ಕರೆತರಲು ಆಗದು. ಆ ತಾಯಿ ತಾನಾಗಿ ಕರೆತರಬೇಕು. ಮನೆಗೆಲಸ ಮಾಡಿ ಫೀಸು ಕಟ್ಟುವ ತಾಯಿಗೆ ಭಾಷಾಭಿಮಾನದ ಭಾಷಣ ಮಾಡಿ ಪ್ರಯೋಜನವಿಲ್ಲ. 'ಆ ಸರ್ಕಾರಿ ಶಾಲೆಯಲ್ಲಿ ನನ್ನ ಮಗಳು ಚೆನ್ನಾಗಿ ಕಲಿಯುತ್ತಾಳೆ' ಎಂಬ ನಂಬಿಕೆ ಆಕೆಗೆ ಬರಬೇಕು. ಹಾಗಾಗಿ ಕನ್ನಡದ ಹೋರಾಟ ಇವತ್ತು ಒಳ್ಳೆಯ ಪಾಠದ ಹೋರಾಟವೂ ಹೌದು. ಇದನ್ನು ಒಪ್ಪಿಕೊಳ್ಳದೆ ನಮಗೆ ಗತ್ಯಂತರವಿಲ್ಲ.

ಒಳ್ಳೆಯ ಪಾಠ ಕನ್ನಡ ಶಾಲೆಯಲ್ಲಿ ಸಾಧ್ಯವೇ ಎಂದು ಮೂಗು ಮುರಿಯುವವರಿಗೆ ಹೆಗ್ಗಡದೇವನಕೋಟೆಯ ಕಥೆ ಹೇಳಬೇಕು. 1995. ಮೈಸೂರು ಜಿಲ್ಲೆಯ ಹಿಂದುಳಿದ ತಾಲ್ಲೂಕು; ಕಬಿನಿ ಹಿನ್ನೀರು, ಕಾಡು, ಜೇನುಕುರುಬರ ಹಾಡಿಗಳು. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿಯ ಮಕ್ಕಳಿಗೆ ಹೇಗೆ ಕಲಿಸುತ್ತಾರೆಂದು ಕಣ್ಣಾರೆ ನೋಡಿ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ಪಠ್ಯಪುಸ್ತಕವನ್ನು ಪಕ್ಕಕ್ಕಿಟ್ಟು ತಾವೇ ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ಆಟ ಹೊಸೆದರು. ಯುನಿಸೆಫ್ ನೆರವು ಕೊಟ್ಟಿತು. ಇದರ ಬೆನ್ನಿಗೆ ನಿಂತ ಅಧಿಕಾರಿಗಳಲ್ಲಿ ಐಎಎಸ್‌ನ ಅನಿತಾ ಕೌಲ್ ಅವರ ಹೆಸರನ್ನು ಶಿಕ್ಷಣ ಬಲ್ಲವರು ಇಂದಿಗೂ ನೆನೆಯುತ್ತಾರೆ. ಅದೇ ನಲಿ-ಕಲಿ.

ಅದರಲ್ಲಿ ಹೊಸದೇನು? ಮಗು ಸಾಲಿನ ಬೆಂಚಿನಲ್ಲಿ ಕೂರುವುದಿಲ್ಲ, ಗುಂಪಿನಲ್ಲಿ ನೆಲದ ಮೇಲೆ ಕೂರುತ್ತದೆ. ಒಂದು ಗುಂಪಿಗೆ ಮೇಷ್ಟ್ರು ಪೂರ್ತಿ ನೆರವಾಗುತ್ತಾರೆ, ಇನ್ನೊಂದರಲ್ಲಿ ಗೆಳೆಯರೇ ಗೆಳೆಯರಿಗೆ ಕಲಿಸುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕೆಯ ಏಣಿ. ಹತ್ತು ದಿನ ಜ್ವರ ಬಂದು ಮಲಗಿದ ಮಗು ತಿರುಗಿ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. 'ಪಾಠ ಮುಂದೆ ಹೋಯಿತು, ನೀನು ಹಿಂದುಳಿದೆ' ಎಂಬ ಮಾತೇ ಅಲ್ಲಿಲ್ಲ.

ಎಲ್ಲಕ್ಕಿಂತ ಸೊಗಸಾದದ್ದು ಅಕ್ಷರ ಕಲಿಸುವ ಬಗೆ. ನಾವೆಲ್ಲ ಅ, ಆ, ಇ, ಈ ಎಂದು ವರ್ಣಮಾಲೆ ಉರು ಹೊಡೆದವರು. ಇಡೀ ಮಾಲೆ ಮುಗಿಯುವವರೆಗೆ ಒಂದು ಪದ ಓದುವ ಭಾಗ್ಯ ನಮಗಿರಲಿಲ್ಲ. ನಲಿ-ಕಲಿಯ ಮಗು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರು ಮಾಡುತ್ತದೆ. ಐದೇ ಅಕ್ಷರ. ಅಷ್ಟರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಬರೆಯಲು ಸುಲಭ, ರೂಪದಲ್ಲಿ ಹತ್ತಿರ, ಪದ ಕಟ್ಟಲು ಒದಗುವ ಅಕ್ಷರಗಳು ಮೊದಲು. ಕನ್ನಡದ ಜಾಯಮಾನ ತಿಳಿದವರಿಗೆ ಮಾತ್ರ ಹೊಳೆಯುವ ಉಪಾಯ ಇದು. ಇದು ಯಾವ ವಿದೇಶಿ ಕಂಪನಿಯ ಆ್ಯಪ್‌ನಿಂದ ಬಂದದ್ದಲ್ಲ ಗೆಳೆಯರೇ. ನಮ್ಮ ಸರ್ಕಾರಿ ಶಾಲೆಯ ತರಗತಿಯಲ್ಲಿ ಬೇರು ಬಿಟ್ಟದ್ದು.

ಮುಂದೇನಾಯಿತು? 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಆಮೇಲೆ ಮೂರನೆಯದಕ್ಕೆ ಬಂತು. ಬಂದದ್ದು ಸುತ್ತೋಲೆಯಾಗಿ. ಕೋಟೆಯ ಮೇಷ್ಟ್ರುಗಳು ತಾವೇ ಕಾರ್ಡು ಬರೆದಿದ್ದರು. ಇತರರಿಗೆ ಮುದ್ರಿತ ಕಿಟ್ ಬಂತು. ಅವರು ಹೋಗಿ ನೋಡಿ, ವಾದ ಮಾಡಿ, ತಪ್ಪು ಮಾಡಿ, ತಿದ್ದಿಕೊಂಡಿದ್ದರು. ಇವರಿಗೆ ಸಿಕ್ಕಿದ್ದು ಕೆಲವು ದಿನಗಳ ತರಬೇತಿ ಮತ್ತು 'ಜಾರಿ ಮಾಡಿ ವರದಿ ಸಲ್ಲಿಸಿ' ಎಂಬ ಆಜ್ಞೆ. ಮನಸ್ಸಿಟ್ಟು ಮಾಡಿದ ಕಡೆ ಅದು ಇಂದಿಗೂ ನಳನಳಿಸುತ್ತದೆ. ಮಿಕ್ಕ ಕಡೆ ಕಾರ್ಡುಗಳು ಬೀರುವಿನಲ್ಲಿವೆ, ಏಣಿ ಗೋಡೆಯಲ್ಲಿದೆ, ಪಾಠ ಹಳೆಯದೇ. ಪದ್ಧತಿಯೇ ಕೆಟ್ಟದ್ದೆಂದು ಬೈಯುವ ಮುನ್ನ ಯೋಚಿಸಬೇಕು. ಕಾರ್ಡನ್ನು ಹಂಚಿದರು, ಕಾರ್ಡು ಬರೆಯುವ ಸ್ವಾತಂತ್ರ್ಯವನ್ನು ಹಂಚಲಿಲ್ಲ. ಹೊಸತನ ಎಂಬುದು ಆ ಸ್ವಾತಂತ್ರ್ಯದಲ್ಲಿತ್ತು.

ಆ ಸ್ವಾತಂತ್ರ್ಯ ಕೊಡಬಲ್ಲವರು ಯಾರು? ಪ್ರತಿ ಜಿಲ್ಲೆಯಲ್ಲೂ ಇಬ್ಬರು ಉಪನಿರ್ದೇಶಕರಿದ್ದಾರೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬರು ಆಡಳಿತ ನೋಡುವವರು. ಇನ್ನೊಬ್ಬರು ಅಭಿವೃದ್ಧಿ ನೋಡುವವರು. ಅವರೇ ಡಯಟ್ ಎಂಬ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ಪ್ರಾಂಶುಪಾಲರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಹುಟ್ಟಿದ ಈ ಡಯಟ್‌ಗಳ ಕೆಲಸವೇ ಜಿಲ್ಲೆಯ ಶಾಲೆಗಳಿಗೆ ತಕ್ಕ ಹೊಸ ದಾರಿ ಹುಡುಕುವುದು. ಮೊದಲನೆಯ ಕಚೇರಿಯಲ್ಲಿ ಜಾತ್ರೆಯಷ್ಟು ಜನ, ಎರಡನೆಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ವರ್ಗಾವಣೆ, ಬಡ್ತಿ, ಬಿಲ್ಲು ಎಲ್ಲ ಇರುವುದು ಮೊದಲನೆಯದರಲ್ಲಿ ತಾನೇ!

ಇನ್ನು ಮೇಷ್ಟ್ರ ಪಾಡು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಶೂ-ಸಾಕ್ಸಿನ ಲೆಕ್ಕ, ಕಂಪ್ಯೂಟರಿಗೆ ಮಕ್ಕಳ ವಿವರ ತುಂಬುವ ಕೆಲಸ, ಚುನಾವಣೆಯ ಕೆಲಸ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನೇ ಮನೆಮನೆಗೆ ಅಟ್ಟಿ, ದಸರಾ ರಜೆಯನ್ನೇ ಹಿಗ್ಗಿಸಿದ್ದನ್ನು ಕಂಡಿದ್ದೇವೆ. ಸಮೀಕ್ಷೆ ಬೇಡವೆಂದಲ್ಲ, ಸಾಮಾಜಿಕ ನ್ಯಾಯಕ್ಕೆ ಅದು ಬೇಕು. ಆದರೆ ಎಲ್ಲ ಹೊರೆಗೂ ಒಂದೇ ಎತ್ತು ಎಂದರೆ ಹೊಲ ಉಳುವವರು ಯಾರು?

ಇದರ ಮೇಲೆ ಜಿಲ್ಲಾವಾರು ಸ್ಥಾನದ ಹುಚ್ಚು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬುದೇ ಸುದ್ದಿ. ಕೆಳಗಿಳಿದ ಜಿಲ್ಲೆಯ ಅಧಿಕಾರಿಗೆ ಛೀಮಾರಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ, 2023ರಲ್ಲಿ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಜಾರಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! ಉಡುಪಿ ಮೊದಲು, ಯಾದಗಿರಿ ಕೊನೆ ಎಂದು ಬರೆದು ಪತ್ರಿಕೆಗಳು ಕೈ ತೊಳೆದುಕೊಂಡವು. ಅಂಕಿಯ ಭಯದಲ್ಲಿರುವ ಅಧಿಕಾರಿ ಹೊಸ ಪ್ರಯೋಗಕ್ಕೆ ಕೈ ಹಾಕುವುದಿಲ್ಲ. ಹತ್ತನೇ ತರಗತಿಯಲ್ಲಿ ಉರು ಹೊಡೆಸುವುದೇ ಅವರಿಗೆ ಸುಲಭದ ದಾರಿ. ಒಂದನೇ ತರಗತಿಯ ಬುನಾದಿ ಅಲ್ಲಾಡುತ್ತಿರುವುದು ಅವರ ಕಾಲಕ್ಕೆ ಕಾಣುವುದಿಲ್ಲವಲ್ಲ.

ಹಾಗಾದರೆ ಜಿಲ್ಲೆಯ ಅಧಿಕಾರಿಗಳಿಂದ ನಾವು ಕೇಳಬೇಕಾದ್ದೇನು? ಕೋಟಿಗಟ್ಟಲೆ ಹಣವನ್ನಲ್ಲ. ದುಡ್ಡಿಲ್ಲದೆ ಆಗುವ ಕೆಲಸಗಳನ್ನೇ ಮೊದಲು ಕೇಳೋಣ.

ಒಂದು, ತಿಂಗಳಿಗೆ ಕೆಲವು ಶಾಲೆಗಳಿಗಾದರೂ ಹೋಗಿ, ಹಾಜರಿ ಪುಸ್ತಕ ಬದಿಗಿಟ್ಟು, ಒಂದು ಪೂರ್ತಿ ಪೀರಿಯಡ್ ಹಿಂದಿನ ಸಾಲಿನಲ್ಲಿ ಕೂತು ಪಾಠ ನೋಡಲಿ.

ಎರಡು, ಕ್ಲಸ್ಟರ್ ಮಟ್ಟದಲ್ಲಿ ನಡೆಯುವ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಮಾಹಿತಿ ಕೇಳುವುದನ್ನು ಬಿಡಲಿ. ಅಲ್ಲಿ ಮೇಷ್ಟ್ರುಗಳು ತಮ್ಮ ಪಾಠದ ಗೆಲುವು-ಸೋಲುಗಳನ್ನು ಮಾತಾಡಿಕೊಳ್ಳಲಿ.

ಮೂರು, ಹೊಸದನ್ನು ಮಾಡಹೊರಟ ಮೇಷ್ಟ್ರಿಗೆ ಒಂದು ವರ್ಷದ ಲಿಖಿತ ಅನುಮತಿ ಕೊಡಲಿ. ಸೋತರೆ ದಂಡನೆ ಬೇಡ, ಸೋಲಿನ ಕಾರಣ ಬರೆದುಕೊಟ್ಟರೆ ಸಾಕು.

ನಾಲ್ಕು, ಒಂದು ಶಾಲೆಯಲ್ಲಿ ಗೆದ್ದದ್ದನ್ನು ಸುತ್ತೋಲೆ ಮಾಡಿ ಹೇರಬೇಡಿ. ಹತ್ತು ಶಾಲೆಯ ಮೇಷ್ಟ್ರುಗಳನ್ನು ಬಸ್ಸು ಹತ್ತಿಸಿ ಅಲ್ಲಿಗೆ ಕಳುಹಿಸಿ. ಕೋಟೆಯವರು ರಿಷಿವ್ಯಾಲಿಗೆ ಹೋದ ಹಾಗೆ.

ಐದು, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಲಿ. 2007-08ರಿಂದಲೇ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ವಿಷಯವಾಗಿದೆ. ಅದನ್ನು ಕಲಿಸುವ ತಾಕತ್ತು ಮೇಷ್ಟ್ರಿಗೆ ತುಂಬಿದರೆ, ಮಾಧ್ಯಮ ಬದಲಿಸುವ ಆತುರ ತಾಯಂದಿರಿಗೂ ಕಡಿಮೆಯಾಗುತ್ತದೆ.

ಸರ್ಕಾರಕ್ಕೂ ಒಂದು ಮಾತು. ಒಳ್ಳೆಯ ಅಧಿಕಾರಿಯನ್ನು ಕನಿಷ್ಠ ಮೂರು ವರ್ಷ ಒಂದೇ ಜಿಲ್ಲೆಯಲ್ಲಿ ಬಿಡಿ. ಶಾಲೆಯ ದಾರಿ ಕಲಿಯುವಷ್ಟರಲ್ಲಿ ಗಂಟುಮೂಟೆ ಕಟ್ಟಿಸಿದರೆ ಅವರು ಏನು ಬೆಳೆಸಿಯಾರು?

ಇನ್ನು ನಮ್ಮ ಸರದಿ. ಕೇಳುವುದು ಸುಲಭ, ಕೈ ಜೋಡಿಸುವುದು ಕಷ್ಟ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ಅದರಲ್ಲಿರುವ ಗಾರೆ ಕೆಲಸದವರು, ಹೂ ಮಾರುವವರು, ಆಟೋ ಚಾಲಕರು ಅಧಿಕಾರಿಯ ಮುಂದೆ ಮಾತಾಡಲು ಹಿಂಜರಿಯುತ್ತಾರೆ. ಅವರ ಜೊತೆ ನಾವು ಹೋಗೋಣ. ಅವರ ಪರವಾಗಿ ಕೂಗಲು ಅಲ್ಲ, ಅವರ ಪಕ್ಕ ಕೂರಲು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ, ಅಕ್ಟೋಬರ್‌ನಲ್ಲಿ ನಿಲ್ಲುವ ತನಕ, ವಿದ್ಯಾಗಮದ ಹೆಸರಿನಲ್ಲಿ ಮೇಷ್ಟ್ರುಗಳು ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಆನ್‌ಲೈನ್ ಕೊಳ್ಳಲಾಗದ ಮಕ್ಕಳ ಬಳಿಗೆ ನಡೆದು ಹೋದವರು ಅವರು. ಅಂಥವರ ಬೆನ್ನಿಗೆ ನಿಲ್ಲದ ಕನ್ನಡ ಸಂಘ ಎಂಥದು?

ಈ ನವೆಂಬರ್ ಒಂದರಂದು ಬಾವುಟ ಹಾರಿಸಿ, ಪೆಂಡಾಲ್ ಹಾಕಿ, ಆರ್ಕೆಸ್ಟ್ರಾ ಮಾಡಿ. ಯಾರೂ ಬೇಡ ಎನ್ನುವುದಿಲ್ಲ. ಮಾರನೆಯ ವಾರ ನಾಲ್ಕು ಜನ ಸೇರಿ ನಿಮ್ಮ ವಾರ್ಡಿನ ಸರ್ಕಾರಿ ಶಾಲೆಗೆ ಹೋಗಿ. ಒಂದನೇ ತರಗತಿಯಲ್ಲಿ ಕೂತು, ಮಗು 'ಗರಗಸ' ಎಂದು ಓದುತ್ತದೆಯೇ ಕೇಳಿಸಿಕೊಳ್ಳಿ. ಓದಿದರೆ ಆ ಮೇಡಂಗೆ ಕೈ ಮುಗಿಯಿರಿ. ಓದದಿದ್ದರೆ ಮೇಡಂ ಮೇಲೆ ಹರಿಹಾಯಬೇಡಿ. ಯಾಕೆಂದು ಕೇಳಿ, ಬರೆದುಕೊಳ್ಳಿ, ಆ ಹಾಳೆ ಹಿಡಿದು ಬಿಇಒ ಕಚೇರಿಗೆ, ಅಲ್ಲಿಂದ ಜಿಲ್ಲಾ ಕಚೇರಿಗೆ ನಡೆಯಿರಿ. ಬಾಗಿಲು ತೆರೆಯುವ ತನಕ ತಟ್ಟಿ.

ಸಿರಿಗನ್ನಡಂ ಗೆಲ್ಗೆ.