ತಲೆ ಇದ್ದವರ ಕುಡಿತ

ಕುಡಿತದ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಎರಡು ವ್ಯಾಕರಣಗಳಿವೆ. ಗಾರೆ ಕೆಲಸದವನು ಕುಡಿದರೆ ಅವನು ಕುಡುಕ. ಏಕವಚನ, ಒಂದೇ ಪದ, ಅಲ್ಲಿಗೆ ಮುಗಿಯಿತು. ಪ್ರೊಫೆಸರು ಕುಡಿದರೆ ‘ಸ್ವಲ್ಪ ತಗೋತಾರೆ’. ಕ್ರಿಯಾಪದಕ್ಕೆ ಬಹುವಚನದ ಗೌರವ, ಕರ್ಮಪದ ಮಾಯ. ಏನು ತಗೋತಾರೆ ಎಂದು ಯಾರೂ ಕೇಳುವುದಿಲ್ಲ. ಆ ಸ್ವಲ್ಪ ಬಹಳವಾಗಿ, ಕೈ ನಡುಗತೊಡಗಿ, ಮನೆಯಲ್ಲಿ ಮಾತು ನಿಂತುಹೋದ ಮೇಲೂ ಊರಿಂದ ಬರುವ ಫೋನಿನಲ್ಲಿ ಕೇಳಿಸುವುದು ಒಂದೇ ವಾಕ್ಯ: ‘ಎಂಥಾ ತಲೆ ಅವನದು! ಕುಡಿತ ಒಂದಿಲ್ಲದಿದ್ದರೆ ಎಲ್ಲಿರಬೇಕಿತ್ತು!’

ಈ ಉದ್ಗಾರದ ಒಳಗೆ ಒಂದು ಸಿದ್ಧಾಂತ ಕೂತಿದೆ. ಬುದ್ಧಿ ಹೆಚ್ಚಿದ್ದವರಿಗೆ ಲೋಕದ ಸಂಕಟ ಹೆಚ್ಚು ಕಾಣುತ್ತದೆ, ತಡೆಯಲಾರದೆ ಕುಡಿಯುತ್ತಾರೆ ಎಂಬುದು. ಕೇಳಲು ಸೊಗಸಾಗಿದೆ. ಗಂಡಸರ ಮಟ್ಟಿಗಂತೂ ಅದನ್ನು ನಂಬುವುದು ಕಷ್ಟ.

ಇದನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ಸ್ವೀಡನ್ನಿನ ಸೇನೆಯಿಂದ ಸಿಕ್ಕಿತು. ಆ ದೇಶದಲ್ಲಿ ಆಗ ಗಂಡುಹುಡುಗರಿಗೆ ಸೇನಾ ತರಬೇತಿ ಕಡ್ಡಾಯ. 1969–70ರಲ್ಲಿ, ಹೆಚ್ಚಿನಂಶ 1949ರಿಂದ 1951ರೊಳಗೆ ಹುಟ್ಟಿದ, ಸುಮಾರು 49 ಸಾವಿರ ಹುಡುಗರು ತಪಾಸಣೆಗೆ ಹಾಜರಾದರು. ತೀವ್ರ ಅಂಗವೈಕಲ್ಯ ಇದ್ದವರನ್ನು ಬಿಟ್ಟರೆ ಶ್ರೀಮಂತ, ಬಡವ, ಹಳ್ಳಿಯವ, ಪಟ್ಟಣದವ ಎಲ್ಲರೂ ಅದರಲ್ಲಿದ್ದರು. ತರ್ಕ, ಪದಗಳ ಅರ್ಥ, ಆಕಾರಗಳ ಗ್ರಹಿಕೆ, ಯಂತ್ರಗಳ ತಿಳಿವಳಿಕೆ ಹೀಗೆ ಬುದ್ಧಿಪರೀಕ್ಷೆ ನಡೆಯಿತು. ಜೊತೆಗೆ ಎಷ್ಟು ಕುಡಿಯುತ್ತೀಯ, ಮನೆಯಲ್ಲಿ ಅಪ್ಪ ಕುಡಿಯುತ್ತಾನಾ ಎಂಬಂಥ ಪ್ರಶ್ನೆಗಳೂ ಇದ್ದವು. ಸ್ವೀಡನ್ನಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಆಮೇಲೆ ಯಾರು ಯಾವ ಕಾಯಿಲೆಗೆ ಆಸ್ಪತ್ರೆ ಸೇರಿದರು, ಯಾರು ಯಾತರಿಂದ ತೀರಿಕೊಂಡರು ಎಂಬುದನ್ನು ಸಂಶೋಧಕರು 37 ವರ್ಷ ಹಿಂಬಾಲಿಸಿದರು. ಆ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಷ್ಟೂ ಮುಂದೆ ಮದ್ಯದಿಂದಾಗಿ ಆಸ್ಪತ್ರೆ ಸೇರುವ, ಸಾಯುವ ಸಾಧ್ಯತೆ ಹೆಚ್ಚಿತ್ತು. ಒಂದೇ ಸಲಕ್ಕೆ ವಿಪರೀತ ಕುಡಿಯುವ ಚಾಳಿಯೂ ಅದೇ ಕಡೆಗೆ ವಾಲಿತ್ತು.

ಹಾಗಂತ ‘ದಡ್ಡರು ಕುಡುಕರಾಗುತ್ತಾರೆ’ ಎಂದು ಷರಾ ಬರೆದುಬಿಟ್ಟರೆ ಅದು ಹಳೆಯ ವ್ಯಾಕರಣಕ್ಕೆ ವಿಜ್ಞಾನದ ಮೊಹರು ಒತ್ತಿದಂತೆ. ಬಾಲ್ಯದ ಪರಿಸ್ಥಿತಿ, ಹದಿಹರೆಯದ ನಡವಳಿಕೆ, ಮುಖ್ಯವಾಗಿ ದೊಡ್ಡವನಾದ ಮೇಲೆ ಸಿಕ್ಕ ಕೆಲಸ ಮತ್ತು ಸ್ಥಾನಮಾನ, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಾಗ ಆ ನಂಟು ಬಹಳಷ್ಟು ಸಡಿಲವಾಯಿತು. ಅಂಕ ಕಡಿಮೆಯಾದವನು ಓದು ಬೇಗ ಬಿಡುತ್ತಾನೆ, ಮೈ ಮುರಿಯುವ ಕೆಲಸಕ್ಕೆ ಸೇರುತ್ತಾನೆ, ಆ ಕೆಲಸವೂ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಸ್ಕಾಟ್ಲೆಂಡಿನ ಇನ್ನೊಂದು ದೊಡ್ಡ ಅಧ್ಯಯನ, 2017ರದ್ದು, ಇದಕ್ಕಿಂತ ಕಹಿಯಾದ ಸಂಗತಿಯನ್ನು ತೋರಿಸಿತು: ಅಷ್ಟೇ ಕುಡಿದರೂ ಬಡವನಿಗೆ ಆಗುವ ಹಾನಿ ಉಳ್ಳವನಿಗಿಂತ ಹೆಚ್ಚು. ಲೋಟ ಒಂದೇ, ಅದರ ಕೆಳಗಿನ ನೆಲ ಬೇರೆ.

ಬುದ್ಧಿವಂತರ ಪರ ವಕಾಲತ್ತು ಮಾಡುವವರಿಗೂ ಒಂದು ಸಾಕ್ಷಿ ಇದೆ, ಮುಚ್ಚಿಡುವುದು ಸರಿಯಲ್ಲ. ಬ್ರಿಟನ್ನಿನಲ್ಲಿ 1970ರ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳ ಬುದ್ಧಿಯನ್ನು ಹತ್ತರ ವಯಸ್ಸಿನಲ್ಲಿ ಅಳೆದು, ಮೂವತ್ತಾದಾಗ ಕುಡಿತದ ಬಗ್ಗೆ ಕೇಳಿದರು. ಅಲ್ಲಿ ಚುರುಕು ಮಕ್ಕಳೇ ದೊಡ್ಡವರಾಗಿ ಹೆಚ್ಚು ಕುಡಿಯುತ್ತಿದ್ದರು, ತಮಗೆ ಸಮಸ್ಯೆ ಇದೆ ಎಂದೂ ಹೆಚ್ಚು ಹೇಳಿದರು. ಆದರೆ ಆ ನಂಟು ಗಂಡಸರಿಗಿಂತ ಹೆಂಗಸರಲ್ಲಿ ಗಾಢವಾಗಿತ್ತು. (‘ನೊಂದ ಪ್ರತಿಭಾವಂತ’ನ ಕತೆಯಲ್ಲಿ ಹೆಂಗಸು ಯಾವತ್ತೂ ಬಾಟಲಿ ಬಚ್ಚಿಡುವ ಹೆಂಡತಿ ಮಾತ್ರ.) ಇನ್ನೊಂದು ವ್ಯತ್ಯಾಸವೂ ಇದೆ. ಬ್ರಿಟನ್ನಿನವರು ಕೇಳಿದ್ದು ‘ಕಡಿಮೆ ಮಾಡಬೇಕು ಅನ್ನಿಸಿದೆಯಾ’ ಎಂಬಂಥ ಪ್ರಶ್ನೆ. ಸ್ವೀಡನ್ನಿನವರು ಎಣಿಸಿದ್ದು ಆಸ್ಪತ್ರೆಯ ಹಾಸಿಗೆ ಮತ್ತು ಸಾವು. ಸಂಬಳ ಚೆನ್ನಾಗಿರುವವನು ವಾರದಲ್ಲಿ ನಾಲ್ಕು ಸಂಜೆ ವೈನ್ ಕುಡಿದು ಪಾಪಪ್ರಜ್ಞೆ ಪಡುವುದೂ ಕುಡಿತದಿಂದ ಬದುಕು ಕುಸಿಯುವುದೂ ಒಂದೇ ಅಲ್ಲ.

ಮಂಟೋ? ಈ ಮಾತು ಬಂದಾಗಲೆಲ್ಲ ಯಾರಾದರೂ ಅವನನ್ನು ಕರೆತರುತ್ತಾರೆ. ಮುಂಬೈ ಬಿಟ್ಟು 1948ರಲ್ಲಿ ಲಾಹೋರಿಗೆ ಹೋದ ಸಾದತ್ ಹಸನ್ ಮಂಟೋ 1955ರ ಜನವರಿಯಲ್ಲಿ, 42ನೇ ವಯಸ್ಸಿಗೆ, ಲಿವರ್ ಕೆಟ್ಟು ತೀರಿಕೊಂಡ. ಅದೇ ವರ್ಷದ ಡಿಸೆಂಬರಿನಲ್ಲಿ ಲಖನೌದ ಕವಿ ಮಜಾಜ್ ಹೋದ. 1976ರಲ್ಲಿ, ಐವತ್ತಕ್ಕೆ, ಋತ್ವಿಕ್ ಘಟಕ್. ಈ ಪಟ್ಟಿ ಬೆಳೆಸುತ್ತಾ ಹೋಗಬಹುದು, ಅದರಿಂದ ಸಾಬೀತಾಗುವುದು ಏನೂ ಇಲ್ಲ. ಅವರ ಸಾವು ನೆನಪಿರುವುದು ಅವರು ಬರೆದದ್ದು, ತೆಗೆದ ಸಿನಿಮಾ ನೆನಪಿರುವುದರಿಂದ. ಆ ವರ್ಷ ಲಾಹೋರಿನಲ್ಲಿ ಅದೇ ಕಾಯಿಲೆಯಿಂದ ಸತ್ತ ಟಾಂಗಾವಾಲಾಗಳ ಪಟ್ಟಿ ಯಾರೂ ಇಟ್ಟಿಲ್ಲ. ಕುಡಿತ ಬಿಡಿಸಲೆಂದು ಮಂಟೋನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದೂ ಉಂಟು. ಆ ಅನುಭವ ‘ಟೋಬಾ ಟೇಕ್ ಸಿಂಗ್’ ಕತೆಗೆ ಒದಗಿತು ಎಂದು ಅಭಿಮಾನಿಗಳು ನೆನೆಯುತ್ತಾರೆ. ಮನೆಯವರು ಅವನನ್ನು ಅಲ್ಲಿಗೆ ಕರೆದೊಯ್ದದ್ದು ಕತೆಗಾಗಿ ಅಲ್ಲ.

ಬುದ್ಧಿವಂತನ ಕುಡಿತದಲ್ಲಿ ನಿಜವಾಗಿ ಬೇರೆ ಇರುವುದು ಒಂದು: ನೆಪಗಳ ಗುಣಮಟ್ಟ. ಅವನು ವಾದದಲ್ಲಿ ಹೆಂಡತಿಯನ್ನು ಸೋಲಿಸಬಲ್ಲ, ಡಾಕ್ಟರ ಮುಂದೆ ಲಿವರ್ ಪರೀಕ್ಷೆಯ ಸಂಖ್ಯೆಗಳಿಗೆ ತಾನೇ ವ್ಯಾಖ್ಯಾನ ಕೊಡಬಲ್ಲ. ಕೆಲಸ ಇನ್ನೂ ಉಳಿದಿರುತ್ತದೆ, ಕೆಲಸ ಇದೆ ಎಂಬುದೇ ಕಾಯಿಲೆ ಇಲ್ಲ ಎಂಬುದಕ್ಕೆ ಪುರಾವೆಯಾಗುತ್ತದೆ. ಸುತ್ತಲಿನವರು ‘ಎಂಥಾ ತಲೆ’ ಎನ್ನುತ್ತಾ ವರ್ಷಗಳನ್ನು ದಾನ ಮಾಡುತ್ತಾರೆ. ಅತ್ತ ಗಾರೆ ಕೆಲಸದವನನ್ನು ‘ಕುಡುಕ ನನ್ಮಗ’ ಎಂದು ಬೈದು ಕೈಬಿಡುತ್ತಾರೆ. ಒಬ್ಬನದು ಕಾಯಿಲೆ ಅನ್ನಲಾರದಷ್ಟು ಎತ್ತರ, ಇನ್ನೊಬ್ಬನದು ಕಾಯಿಲೆ ಅನ್ನಲಾರದಷ್ಟು ಕೆಳಗೆ. ಇಬ್ಬರಿಗೂ ಚಿಕಿತ್ಸೆ ಇಲ್ಲ.

ಇದು ಉತ್ಪ್ರೇಕ್ಷೆಯಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ ಶೇ. 27.3ರಷ್ಟು ಜನ ಕುಡಿಯುತ್ತಾರೆ, ಹೆಂಗಸರಲ್ಲಿ ಶೇ. 1.6. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38ಕ್ಕೆ ಒಬ್ಬರಿಗೆ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಬಹಳ ಕಡೆ ಬಳಕೆಯಲ್ಲಿದೆ. ಶುರು ಮಾಡಿದ ಮೇಲೆ ನಿಲ್ಲಿಸಲು ಆಗುತ್ತಾ, ಬೆಳಿಗ್ಗೆ ಎದ್ದು ಸರಿಹೋಗಲು ಒಂದು ಬೇಕಾಗುತ್ತಾ, ಹಿಂದಿನ ರಾತ್ರಿ ನಡೆದದ್ದು ಮರೆತುಹೋಗಿದೆಯಾ, ಮನೆಯವರು ಆತಂಕಪಟ್ಟಿದ್ದಾರಾ. ಏನು ಓದಿದ್ದೀರಿ ಎಂಬ ಪ್ರಶ್ನೆ ಅದರಲ್ಲಿಲ್ಲ. ‘ಆಫೀಸಿಗೆ ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ’ ಎಂಬ ಹೆಂಡತಿಯ ಮಾತಿಗೆ ಅದರಲ್ಲಿ ಅಂಕವೂ ಇಲ್ಲ.

ಬಿಡಬೇಕು ಎಂದು ಹೊರಟವರಿಗೆ ಗೊತ್ತಿರಬೇಕಾದ್ದು ಒಂದಿದೆ. ವರ್ಷಗಟ್ಟಲೆ ದಿನಾ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು; ವೈದ್ಯರ ನಿಗಾದಲ್ಲಿ ಬಿಡಬೇಕು. ಮಾತ್ರೆಗಳಿವೆ, ಆಪ್ತಸಮಾಲೋಚನೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲಿಯೂ ಮಾತಾಡುತ್ತಾರೆ.