ಹಲಗಲಿಯ ಹತಾರ

ನವೆಂಬರ್ ಬಂತೆಂದರೆ ಹೊರನಾಡಿನ ನಮ್ಮ ಸಂಘಗಳ ವೇದಿಕೆಗಳ ಮೇಲೆ ಕಿತ್ತೂರ ಚೆನ್ನಮ್ಮನೂ ಸಂಗೊಳ್ಳಿ ರಾಯಣ್ಣನೂ ತಪ್ಪದೆ ಕಾಣಿಸಿಕೊಳ್ಳುತ್ತಾರೆ. ಬರಲೇಬೇಕಾದವರು. ಆದರೆ 1857ರ ಅದೇ ನವೆಂಬರ್ ತಿಂಗಳ ಕೊನೆಯಲ್ಲಿ ಬೆಂಕಿಗೆ ಆಹುತಿಯಾದ ಹಲಗಲಿಯ ಹೆಸರು ಅಲ್ಲಿ ಕೇಳಿಬರುವುದು ಅಪರೂಪ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹಲಗಲಿಗೆ ಸಿಂಹಾಸನವಿರಲಿಲ್ಲ, ದತ್ತಕದ ತಕರಾರಿರಲಿಲ್ಲ. ವೇಷ ಕಟ್ಟುವ ಮಕ್ಕಳ ತಲೆಗೆ ಇಡಲು ಕಿರೀಟವೂ ಇಲ್ಲ. ಅಲ್ಲಿದ್ದವರು ಬೇಡರು. ನರಗುಂದಕ್ಕೆ ಬಾಬಾಸಾಹೇಬನಿದ್ದ, ಸುರಪುರಕ್ಕೆ ವೆಂಕಟಪ್ಪ ನಾಯಕನಿದ್ದ. ಹಲಗಲಿಯಲ್ಲಿ ಅರಸನಿಲ್ಲದ ಜನ ತಾವೇ ಕೂಡಿ ಒಂದು ತೀರ್ಮಾನಕ್ಕೆ ಬಂದರು. ನಮ್ಮ ನಾಡಿನ ವಸಾಹತುವಿರೋಧಿ ಚರಿತ್ರೆಯಲ್ಲಿ ಇದನ್ನು ಅಪ್ಪಟ ರಾಜಕೀಯ ಕ್ರಿಯೆಯೆಂದು ಪರಿಗಣಿಸಬೇಕೆಂಬುದು ನನ್ನ ವಾದ.

ನಡೆದದ್ದು ಇಷ್ಟು. ಉತ್ತರದಲ್ಲಿ ಸಿಪಾಯಿಗಳು ತಿರುಗಿಬಿದ್ದ ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಸರ್ಕಾರ 28ನೆಯ ಕಾಯಿದೆಯನ್ನು ತಂದಿತು. ಪರವಾನಗಿಯಿಲ್ಲದ ಆಯುಧಗಳನ್ನು ಕಸಿಯುವ ಅಧಿಕಾರ ಸರ್ಕಾರಕ್ಕೆ ಬಂತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು, ಆಯುಧ ಕೊಡುವುದಿಲ್ಲವೆಂದರು. ಬೇಟೆ ಅವರ ಅನ್ನ. ಊರ ಕಾವಲು ಮತ್ತು ಕಾಳಗದ ಚಾಕರಿ ಅವರ ಸ್ಥಾನಮಾನ. ಹತಾರ ಹೋದರೆ ಎರಡೂ ಹೋದಂತೆಯೇ. ಪೂಜೇರಿ ಹನಮ, ಬಾಲ, ಜಡಗ, ರಾಮ ಎಂಬ ನಾಲ್ವರ ಮುಂದಾಳುತನದಲ್ಲಿ ಜನ ಒಟ್ಟುಗೂಡಿದರು. ಕರ್ನಲ್ ಮಾಲ್ಕಮ್‌ನ ದಂಡು ಬಂದು ಊರನ್ನು ಸುತ್ತುಗಟ್ಟಿ ಮನೆಗಳಿಗೆ ಬೆಂಕಿಯಿಟ್ಟಿತು. ಸುಮಾರು 100 ಜನ ಸತ್ತರು. ಸೆರೆಸಿಕ್ಕವರ ಪೈಕಿ 19 ಮಂದಿಗೆ ಗಲ್ಲು: 13 ಜನರಿಗೆ ಡಿಸೆಂಬರ್ 11ರಂದು ಮುಧೋಳದ ಸಂತೆಯಲ್ಲಿ, ಉಳಿದ 6 ಜನರಿಗೆ ಡಿಸೆಂಬರ್ 14ರಂದು ಹಲಗಲಿಯಲ್ಲೇ. ಸಂತೆಯ ದಿನವನ್ನೇ ಏಕೆ ಆರಿಸಿದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಳುವವರ ಬರಹದಲ್ಲಿ ಇದು ಒಂದು ಚಿಕ್ಕ ದಂಗೆ. ನಮ್ಮವರಲ್ಲೂ ಕೆಲವು ವಿದ್ವಾಂಸರು, ಬೇಡರಿಗೆ ರಾಷ್ಟ್ರದ ಕಲ್ಪನೆಯೇ ಇರಲಿಲ್ಲ, ಅವರದು ಹೊಟ್ಟೆಪಾಡಿನ ಆವೇಶ ಮಾತ್ರ ಎನ್ನುವುದುಂಟು. ರಾಷ್ಟ್ರದ ಕಲ್ಪನೆ ಇರಲಿಲ್ಲವೆಂಬುದನ್ನು ಒಪ್ಪೋಣ. ಆದರೆ, ಯಾರ ಕೈಯಲ್ಲಿ ಆಯುಧವಿರಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬುದು ಹೊಟ್ಟೆಪಾಡಿನ ಪ್ರಶ್ನೆ ಮಾತ್ರವೆ? 1878ರಲ್ಲಿ ಲಿಟ್ಟನ್ನನ ಶಸ್ತ್ರ ಕಾಯಿದೆ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿದಾಗ ವಿದ್ಯಾವಂತರು ಕೆರಳಿದರು. 1887ರ ಮದರಾಸು ಕಾಂಗ್ರೆಸ್ಸಿನಲ್ಲಿ ಅದರ ಸಡಿಲಿಕೆಗಾಗಿ ನಿರ್ಣಯವಾಯಿತು. 1930ರಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ರದ್ದತಿಯ ಜೊತೆಗೆ, ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ನೀಡಬೇಕೆಂಬುದೂ ಇತ್ತು. ಅಹಿಂಸೆಯ ಆಚಾರ್ಯರೇ ಕೇಳಿದ್ದು! ವಕೀಲರು ಇಂಗ್ಲಿಷಿನಲ್ಲಿ ನಿರ್ಣಯ ಮಂಡಿಸಿದಾಗ ಅದು ರಾಜಕೀಯ. ಬೇಡರು 30 ವರ್ಷ ಮೊದಲೇ ಪ್ರಾಣ ಕೊಟ್ಟು ಹೇಳಿದಾಗ ಆವೇಶ. ಈ ತೂಕದ ಕಲ್ಲು ನನಗೆ ಒಪ್ಪಿಗೆಯಿಲ್ಲ. (ಬಂದೂಕಿನ ಹಕ್ಕೆಂದರೆ ಈಗ ಅಮೆರಿಕದ ಶಾಲೆಗಳಲ್ಲಿ ಗುಂಡು ಹಾರಿದ ಸುದ್ದಿ ನೆನಪಾಗುತ್ತದೆ. ನಾನು ಆ ಹಕ್ಕಿನ ವಕಾಲತ್ತು ಮಾಡುತ್ತಿಲ್ಲ.)

ಕೊಡಗನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಕೊಡವರಿಗೆ ವಿನಾಯಿತಿ ನೀಡಿದ. ನಿಷ್ಠೆಗೆ ಮೆಚ್ಚುಗೆ ಎಂಬುದು ಅದರ ಕಾರಣ. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾಯಿತು. ಕೊಡವರ ಬದುಕಿನಲ್ಲಿ ಕೋವಿಗೆ ಇರುವ ಪೂಜ್ಯಸ್ಥಾನವನ್ನು ನಾನು ಗೌರವಿಸುತ್ತೇನೆ. ಅವರ ಮೇಲೆ ನನ್ನ ಆಕ್ಷೇಪವಿಲ್ಲ. ನಾನು ಹೇಳುವುದು ಪ್ರಭುತ್ವದ ಲೆಕ್ಕಾಚಾರವನ್ನು. ಆಯುಧ ಸಂಸ್ಕೃತಿಯ ಭಾಗವೆಂಬ ಮಾತು ಕಂಪನಿಯವರಿಗೂ ಬ್ರಿಟಿಷ್ ರಾಣಿಯ ಸರ್ಕಾರಕ್ಕೂ ತಿಳಿಯದ್ದಾಗಿರಲಿಲ್ಲ. ತಮ್ಮ ಪರವಾದ ಸಂಸ್ಕೃತಿಯನ್ನು ಉಳಿಸಿದರು, ಪ್ರಶ್ನಿಸಿದ್ದನ್ನು ಸುಟ್ಟರು.

ಸುಟ್ಟ ಮೇಲೂ ಬಿಡಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮುಂದೆ ಮುಂಬಯಿ ಪ್ರಾಂತಕ್ಕೂ ಬಂತು. ಎದುರು ನಿಂತವರ ಕುಲಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಅಂಟಿತು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಈಗ ಮಹಾರಾಷ್ಟ್ರ ಸರ್ಕಾರದ ವಿಮುಕ್ತ ಜಾತಿಗಳ ಪಟ್ಟಿ ತೆರೆದರೆ ಮೊದಲು ಸಿಗುವ ಹೆಸರು 'ಬೇರಡ'. ನಮ್ಮ ಬೇಡರೇ ಮರಾಠಿಯಲ್ಲಿ ಬೇರಡರು. ಕರ್ನಾಟಕದಲ್ಲಿ ಅವರಿಗೆ 1991ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಗಡಿ ದಾಟಿದರೆ ಒಂದೇ ಕುಲಕ್ಕೆ ಎರಡು ಹೆಸರು, ಎರಡು ಪಟ್ಟಿ. ಸೊಲ್ಲಾಪುರಕ್ಕೋ ಪುಣೆಗೋ ದುಡಿಯಲು ಬಂದ ಬೇಡರ ಮನೆಯ ಹುಡುಗ ಜಾತಿ ಪ್ರಮಾಣಪತ್ರಕ್ಕೆ ಅಲೆಯುವಾಗ ನಮ್ಮ ಸಂಘಗಳಲ್ಲಿ ಎಷ್ಟು ಅವನ ಬೆನ್ನಿಗೆ ನಿಂತಿವೆ?

ಹಲಗಲಿಯ ಪರವಾಗಿ ಸಾಕ್ಷಿ ನುಡಿದದ್ದು ಲಾವಣಿ. ಕುರ್ತಕೋಟಿಯ ಕಲ್ಮೇಶನ ಅಂಕಿತವಿರುವ ಆ ಪದ ಕರ್ನಾಟಕದ ಶಾಲಾಪಠ್ಯದಲ್ಲೂ ಸೇರಿದ್ದುಂಟು. ನನ್ನನ್ನು ಬಹುವಾಗಿ ಕಾಡುವುದು ಅದರಲ್ಲಿ ಬರುವ ಕಾಳಗವಲ್ಲ, ಕೊನೆಗೆ ಬರುವ ಲೂಟಿಯ ವಿವರ. ದಂಡಿನವರು ಒಯ್ದದ್ದನ್ನು ಕವಿ ಒಂದೊಂದಾಗಿ ಎಣಿಸುತ್ತಾನೆ, ಕೊಡಲಿಯಿಂದ ಹಿಡಿದು ಅಡುಗೆಮನೆಯ ಉಪ್ಪು, ಅರಿಸಿನದವರೆಗೆ. ಆಯುಧ ಕಸಿಯುವ ಕಾನೂನಿನ ಹೆಸರಿನಲ್ಲಿ ಜೀರಿಗೆಯನ್ನೂ ಬಿಡದೆ ದೋಚಿದವರ ಬಗ್ಗೆ ಇದಕ್ಕಿಂತ ಖಚಿತವಾದ ದೋಷಾರೋಪಣೆ ಪಟ್ಟಿಯನ್ನು ಯಾವ ಇತಿಹಾಸಕಾರ ಬರೆದಾನು?

ಮುಂಬಯಿಯ ಕನ್ನಡಿಗರಿಗೆ ಇನ್ನೊಂದು ನಂಟೂ ಇದೆ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜಾನ್ ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯದೂ ಒಂದು. ಅವು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಬೆಳಕು ಕಂಡವು; ಪತ್ರಿಕೆ ಅಚ್ಚಾಗುತ್ತಿದ್ದುದು ಭಾಯಖಳಾದ ಎಜುಕೇಷನ್ ಸೊಸೈಟಿಯ ಮುದ್ರಣಾಲಯದಲ್ಲಿ. ಹಲಗಲಿಯನ್ನು ಸುಟ್ಟ ಆಡಳಿತದ ಅಧಿಕಾರಿಯೊಬ್ಬನೇ ಹಲಗಲಿಯ ಹಾಡನ್ನು ಕಾಗದಕ್ಕಿಳಿಸಿದ. ಆತನ ಋಣವನ್ನು ಅಲ್ಲಗಳೆಯಲಾರೆ. ಆದರೆ ಅದೇ ಊರಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ನಾವು ಆ ಹಾಡನ್ನು ವೇದಿಕೆಗೆ ತರಲು ಇಷ್ಟು ಮೀನಮೇಷ ಎಣಿಸಬೇಕೆ? ಈ ಸಲದ ರಾಜ್ಯೋತ್ಸವದ ಒಂದು ಸಂಜೆಯನ್ನು ಮುಂದೂಡಿ, ಡಿಸೆಂಬರ್ 11ಕ್ಕೆ ಇಟ್ಟುಕೊಳ್ಳಬಹುದು. ಡಪ್ಪು, ತುಂತುಣಿ ಹಿಡಿದು ಲಾವಣಿ ಹಾಡುವವರು ಬಾಗಲಕೋಟೆಯ ಕಡೆ ಇನ್ನೂ ಇದ್ದಾರೆ. ಕರೆಯಬೇಕಾದವರು ನಾವು.