'ನಾನೂ ಮನುಷ್ಯನೇ' ಎಂದ ಮೋದಿ: ಬೆಂಬಲಿಗರು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ?

ಎರಡು ಗಂಟೆಯ ಮಾತುಕತೆಯಲ್ಲಿ ಜನರ ನೆನಪಿನಲ್ಲಿ ಉಳಿದಿದ್ದು ಒಂದೇ ಸಾಲು. 'ತಪ್ಪುಗಳು ಆಗುತ್ತವೆ, ನನ್ನಿಂದಲೂ ಆಗಿರಬಹುದು. ನಾನೂ ಮನುಷ್ಯ, ದೇವರಲ್ಲ'. 2025ರ ಜನವರಿ 10ರಂದು ಬಿಡುಗಡೆಯಾದ ಪಾಡ್‌ಕಾಸ್ಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಆಡಿದ ಈ ಮಾತು ಕೆಲವೇ ಗಂಟೆಗಳಲ್ಲಿ ರೀಲ್ಸ್, ವಾಟ್ಸ್‌ಆ್ಯಪ್ ಸ್ಟೇಟಸ್, ಟಿವಿ ಚರ್ಚೆ ಎಲ್ಲ ಕಡೆ ಹರಿದಾಡಿತು. ಸಂದರ್ಶಿಸಿದವರು ಜೆರೋಧಾ ಸಹ ಸಂಸ್ಥಾಪಕ ನಿಖಿಲ್ ಕಾಮತ್. ಪ್ರಧಾನಿಯೇ ಹೇಳಿಕೊಂಡಂತೆ ಅದು ಅವರ ಮೊದಲ ಪಾಡ್‌ಕಾಸ್ಟ್.

ಕನ್ನಡಿಗರ ಪಾಲಿಗೆ ಇದರಲ್ಲಿ ಇನ್ನೊಂದು ಆಕರ್ಷಣೆಯೂ ಇತ್ತು. ತಾನು ದಕ್ಷಿಣ ಭಾರತೀಯ, ಕನ್ನಡ ಮಾತನಾಡುವ ಬೆಂಗಳೂರಿನಲ್ಲಿ ಬೆಳೆದವನು, ತಾಯಿ ಮೈಸೂರಿನವರು, ತಂದೆ ಮಂಗಳೂರಿನವರು, ಹಿಂದಿ ಅಷ್ಟಾಗಿ ಬರುವುದಿಲ್ಲ ಎಂದು ಕಾಮತ್ ಆರಂಭದಲ್ಲೇ ಹೇಳಿಬಿಟ್ಟರು. ಮುಂಬೈ, ದಿಲ್ಲಿಗೆ ಕೆಲಸಕ್ಕೆ ಬಂದ ಮೊದಲ ವರ್ಷ ತಡವರಿಸುತ್ತ ಹಿಂದಿ ಮಾತನಾಡಿದ ಯಾವ ಕನ್ನಡಿಗನಿಗೂ ಆ ಮುಜುಗರ ಹೊಸದಲ್ಲ. ಇಬ್ಬರದೂ ಹೀಗೆಯೇ ನಡೆಯುತ್ತದೆ ಎಂದು ಮೋದಿ ನಕ್ಕು ಸಮಾಧಾನ ಮಾಡಿದರು. ಬೆಂಬಲಿಗರು ಬಯಸಿದ ಆತ್ಮೀಯತೆ ಅಲ್ಲಿಂದಲೇ ಶುರುವಾಗಿತ್ತು.

ಎಂಟೇ ತಿಂಗಳ ಅಂತರ

ಈ ಮಾತು ಅಷ್ಟು ಸದ್ದು ಮಾಡಲು ಕಾರಣ ಅದರ ಹಿಂದಿನ ಇನ್ನೊಂದು ಮಾತು. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಟಿವಿ ಸಂದರ್ಶನವೊಂದರಲ್ಲಿ, ತಾಯಿ ತೀರಿಕೊಂಡ ಮೇಲೆ ತನ್ನನ್ನು ಪರಮಾತ್ಮನೇ ಕಳಿಸಿದ್ದಾನೆ ಎಂಬ ನಂಬಿಕೆ ಬಂದಿದೆ ಎಂದು ಮೋದಿ ಹೇಳಿದ್ದರು. ಹೀಗಾಗಿ ಕಾಂಗ್ರೆಸ್‌ನ ಜೈರಾಂ ರಮೇಶ್ ತಡಮಾಡದೆ ಚುಚ್ಚಿದರು. ಎಂಟು ತಿಂಗಳ ಹಿಂದೆ ತಾನು ಜೈವಿಕವಾಗಿ ಹುಟ್ಟಿದವನಲ್ಲ ಎಂದವರು ಈಗ ಡ್ಯಾಮೇಜ್ ಕಂಟ್ರೋಲ್‌ಗೆ ಇಳಿದಿದ್ದಾರೆ ಎಂಬುದು ಅವರ ಟೀಕೆ.

ಬೆಂಬಲಿಗರ ಉತ್ತರವೂ ಸಿದ್ಧವಿತ್ತು. ಇದು ಹೊಸ ಮಾತಲ್ಲ, ಮುಖ್ಯಮಂತ್ರಿಯಾದಾಗಲೇ ಹೇಳಿದ್ದು ಎಂದರು. ಅದರಲ್ಲಿ ಹುರುಳಿದೆ. ಶ್ರಮದಲ್ಲಿ ಹಿಂದೆ ಬೀಳುವುದಿಲ್ಲ, ತನಗಾಗಿ ಏನೂ ಮಾಡಿಕೊಳ್ಳುವುದಿಲ್ಲ, ಮನುಷ್ಯನಾದ್ದರಿಂದ ತಪ್ಪಾಗಬಹುದು, ಆದರೆ ಕೆಟ್ಟ ಉದ್ದೇಶದಿಂದ ತಪ್ಪು ಮಾಡುವುದಿಲ್ಲ ಎಂದು ಗುಜರಾತ್‌ನ ಹಳೆಯ ಭಾಷಣದಲ್ಲಿ ಹೇಳಿದ್ದನ್ನು ಮೋದಿ ಪಾಡ್‌ಕಾಸ್ಟ್‌ನಲ್ಲೇ ನೆನಪಿಸಿದ್ದರು.

ಗಮನಿಸಬೇಕಾದ್ದು ಬೇರೆ. ದೇವರು ಕಳಿಸಿದವನು ಎಂದಾಗಲೂ ದೇವರಲ್ಲ ಎಂದಾಗಲೂ ಮೆಚ್ಚಿಕೊಂಡವರು ಬಹುಪಾಲು ಅದೇ ಬೆಂಬಲಿಗರು. ಮೊದಲನೆಯದು ಭಕ್ತಿಯಾಗಿ ಕಂಡಿತು, ಎರಡನೆಯದು ವಿನಯವಾಗಿ. ಅಂದರೆ ಮೆಚ್ಚುಗೆ ಮಾತಿನ ಅರ್ಥಕ್ಕಿಂತ ಆಡಿದವರ ಮೇಲೆ ನಿಂತಿದೆ. ವಿರೋಧಿಗಳದ್ದೂ ಇದೇ ಕಥೆ: ಅವರಿಗೆ ಒಮ್ಮೆ ಅಹಂಕಾರ ಕಂಡರೆ, ಇನ್ನೊಮ್ಮೆ ನಾಟಕ ಕಂಡಿತು.

ಯಾವ ತಪ್ಪು ಎಂದು ಕೇಳಿದರೆ?

ತಪ್ಪಾಗಿರಬಹುದು ಎಂದ ನಂತರ ಸಹಜವಾಗಿ ಬರಬೇಕಾದ ಮರುಪ್ರಶ್ನೆ, ಯಾವ ನಿರ್ಧಾರ ತಪ್ಪಾಗಿತ್ತು ಎಂಬುದು. ಆ ಪ್ರಶ್ನೆ ಬರಲಿಲ್ಲ. ಬಾಲ್ಯ, ವಡನಗರ, ರಾಜಕೀಯಕ್ಕೆ ಯುವಕರು ಬರಬೇಕಾದ ಅಗತ್ಯ, ಮೆಲೋನಿ ಮೀಮ್‌ಗಳು ಹೀಗೆ ಮಾತು ಮುಂದೆ ಹೋಯಿತು.

ನಿರ್ದಿಷ್ಟ ತಪ್ಪಿಗೆ ಹೆಸರಿಟ್ಟಾಗ ಬೆಂಬಲಿಗರ ಪ್ರತಿಕ್ರಿಯೆ ಇಷ್ಟು ಸರಳವಾಗಿರುವುದಿಲ್ಲ. 2021ರ ನವೆಂಬರ್ 19ರಂದು ಮೂರು ಕೃಷಿ ಕಾಯ್ದೆಗಳನ್ನು ಹಿಂಪಡೆಯುವುದಾಗಿ ಘೋಷಿಸಿದ ಮೋದಿ, ತಮ್ಮ ತಪಸ್ಸಿನಲ್ಲೇ ಏನೋ ಕೊರತೆ ಇತ್ತೇನೋ ಎಂದು ದೇಶದ ಕ್ಷಮೆ ಕೇಳಿದ್ದರು. ಆಗ ಒಂದು ವರ್ಷ ಕಾಯ್ದೆಗಳ ಪರ ವಾದಿಸಿದ್ದ ಬೆಂಬಲಿಗರಲ್ಲೇ ಅಸಮಾಧಾನ ಕಾಣಿಸಿತ್ತು. ಒತ್ತಡಕ್ಕೆ ಮಣಿದದ್ದು ಏಕೆ ಎಂದು ಕೇಳಿದವರು ಅವರದೇ ಪಾಳಯದವರು. 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಮಾಲ್ವಣದಲ್ಲಿ ಶಿವಾಜಿ ಪ್ರತಿಮೆ ಕುಸಿದಾಗ ಪಾಲ್ಘರ್‌ನಲ್ಲಿ ಮೋದಿ ತಲೆಬಾಗಿ ಕ್ಷಮೆ ಕೇಳಿದರು. ಅದನ್ನು ಬೆಂಬಲಿಗರು ಸ್ವಾಗತಿಸಿದರೂ, ಪ್ರತಿಮೆ ಬಿದ್ದದ್ದು ಯಾರ ಹೊಣೆ ಎಂಬ ಪ್ರಶ್ನೆ ರಾಜ್ಯದ ಬೀದಿಗಳಲ್ಲಿ ಉಳಿದೇ ಇತ್ತು.

ಹೆಸರಿಲ್ಲದ ತಪ್ಪನ್ನು ಒಪ್ಪಿಕೊಂಡರೆ ಯಾರಿಗೂ ನಷ್ಟವಿಲ್ಲ. ಹೆಸರಿರುವ ತಪ್ಪಿಗೆ ಬೆಲೆ ತೆರಬೇಕಾಗುತ್ತದೆ. ಪಾಡ್‌ಕಾಸ್ಟ್‌ನ ಸಾಲು ಮೊದಲ ಬಗೆಯದು, ಅದಕ್ಕೇ ಅಷ್ಟು ಸುಲಭವಾಗಿ ಹರಡಿತು.

ಮೂರು ಗಂಟೆ, ಒಂದು ನಿಮಿಷ

ಎರಡೇ ತಿಂಗಳಲ್ಲಿ, ಮಾರ್ಚ್ 16ರಂದು, ಅಮೆರಿಕದ ಲೆಕ್ಸ್ ಫ್ರಿಡ್ಮನ್ ಜತೆಗಿನ ಮೂರು ಗಂಟೆಗೂ ಮೀರಿದ ಸಂದರ್ಶನ ಬಂತು. ಸಂದರ್ಶನಕ್ಕೆ ಮೊದಲು ಫ್ರಿಡ್ಮನ್ ಉಪವಾಸ ಮಾಡಿದ್ದು, ಡೊನಾಲ್ಡ್ ಟ್ರಂಪ್ ಅದನ್ನು ಟ್ರುತ್ ಸೋಶಿಯಲ್‌ನಲ್ಲಿ ಹಂಚಿದ್ದು ಬೆಂಬಲಿಗರ ಹೆಮ್ಮೆಗೆ ಕಾರಣವಾದವು. 2002ರ ಗಲಭೆ ಕುರಿತು ಸುಳ್ಳು ಕಥನ ಕಟ್ಟಲಾಯಿತು ಎಂಬ ಮೋದಿ ಉತ್ತರದ ತುಣುಕು ಅಂತಿಮ ತೀರ್ಪಿನಂತೆ ಹರಿದಾಡಿತು. ಮಾಧ್ಯಮಗೋಷ್ಠಿ ಎದುರಿಸದವರು ವಿದೇಶಿ ಪಾಡ್‌ಕಾಸ್ಟರ್ ಬಳಿ ನೆಮ್ಮದಿ ಕಂಡಿದ್ದಾರೆ ಎಂದು ಕಾಂಗ್ರೆಸ್ ಟೀಕಿಸಿತು.

ಈ ಟೀಕೆಗೆ ಆಧಾರವಿದೆ. 2019ರ ಮೇ 17ರಂದು ಪಕ್ಷದ ಕಚೇರಿಯ ಮಾಧ್ಯಮಗೋಷ್ಠಿಯಲ್ಲಿ ಮೋದಿ ಕುಳಿತಿದ್ದರೂ ಪ್ರಶ್ನೆಗಳಿಗೆ ಉತ್ತರಿಸಿದ್ದು ಅಮಿತ್ ಶಾ. ಆದರೆ ಬೆಂಬಲಿಗರ ವಾದವನ್ನೂ ತಳ್ಳಿಹಾಕುವಂತಿಲ್ಲ. ಟಿವಿಯಲ್ಲಿ ಆರು ಜನ ಒಟ್ಟಿಗೆ ಕಿರುಚುವ ಚರ್ಚೆಗಿಂತ ಒಬ್ಬರ ಮಾತನ್ನು ಮೂರು ಗಂಟೆ ಕೇಳುವುದು ಮೇಲು ಎಂದು ಅವರಿಗೆ ಅನಿಸಿದರೆ ತಪ್ಪು ಟಿವಿಯದ್ದೂ ಹೌದು. ತೊಂದರೆ ಎಂದರೆ, ಮೂರು ಗಂಟೆಯ ಮಾತು ಹೆಚ್ಚಿನವರ ಮೊಬೈಲ್‌ಗೆ ತಲುಪುವುದು ಒಂದು ನಿಮಿಷದ ತುಣುಕಾಗಿ. ಸಂಪಾದಕರ ಕತ್ತರಿ ಈಗ ಅಭಿಮಾನಿಗಳ ಕೈಯಲ್ಲಿದೆ.

ಒಂದೇ ಪಕ್ಷದ ಕಥೆಯಲ್ಲ

ಭಾರತ್ ಜೋಡೋ ಯಾತ್ರೆಯ ವೇಳೆ, 2023ರ ಜನವರಿಯಲ್ಲಿ, ಆಹಾರ–ಪ್ರವಾಸದ ಯೂಟ್ಯೂಬ್ ಚಾನೆಲ್ ಕರ್ಲಿ ಟೇಲ್ಸ್ ಜತೆ ರಾಹುಲ್ ಗಾಂಧಿ ಊಟ ಮಾಡುತ್ತ ಮದುವೆ, ಇಷ್ಟವಾಗದ ಹಲಸು, ಬಟಾಣಿಯ ಬಗ್ಗೆ ಮಾತನಾಡಿದ್ದರು. ಇದೇ ನಿಜವಾದ ರಾಹುಲ್ ಎಂದು ಕಾಂಗ್ರೆಸ್ ಬೆಂಬಲಿಗರು ಸಂಭ್ರಮಿಸಿದರು. ಅಲ್ಲೂ ಸೋಲುಗಳ ಬಗ್ಗೆ ಕಠಿಣ ಪ್ರಶ್ನೆ ನಿರೀಕ್ಷಿಸುವ ಜಾಗವಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಟ್ರಂಪ್ ಜೋ ರೋಗನ್ ಜತೆ ಸುಮಾರು ಮೂರು ಗಂಟೆ ಹರಟಿದ್ದೂ ಇದೇ ಲೆಕ್ಕಾಚಾರದಿಂದ. ಆ ಸಂದರ್ಶನವನ್ನು ಕೋಟಿಗಟ್ಟಲೆ ಜನ ನೋಡಿದರು.

ನಾಯಕ ತಮ್ಮಂತೆಯೇ ಮನುಷ್ಯ ಎಂದು ತಿಳಿದು ಖುಷಿಪಡುವುದರಲ್ಲಿ ತಪ್ಪಿಲ್ಲ. ಟೀಕೆ ಪ್ರಜಾಪ್ರಭುತ್ವದ ಆತ್ಮ ಎಂದು ಫ್ರಿಡ್ಮನ್‌ಗೆ ಹೇಳಿದ್ದು ಸ್ವತಃ ಮೋದಿ. ಆ ತುಣುಕನ್ನು ಹಂಚಿದವರಿಗೆ ಅದನ್ನು ಪಾಲಿಸುವ ಹೊಣೆಯೂ ಇದೆ. ತಪ್ಪಾಗಿರಬಹುದು ಎಂದು ನಾಯಕನೇ ಬಾಗಿಲು ತೆರೆದ ಮೇಲೆ, ಯಾವುದು ಎಂದು ಬೆಂಬಲಿಗ ಕೇಳಿದರೆ ಅದು ದ್ರೋಹವಾಗುವುದಿಲ್ಲ. ವಿರೋಧಿ ಕೇಳುವ ಪ್ರಶ್ನೆಯನ್ನು ರಾಜಕೀಯ ಎಂದು ತಳ್ಳಿಹಾಕಬಹುದು, ಮತ ಹಾಕಿದವನು ಕೇಳುವ ಪ್ರಶ್ನೆಯನ್ನು ಹಾಗೆ ತಳ್ಳಿಹಾಕುವುದು ಯಾವ ನಾಯಕನಿಗೂ ಸುಲಭವಲ್ಲ.